ಅಪ್ಪನ ಎಡೆಗೆ ಒಂದು ಬಾಟಲಿ ಸೇಂದಿ

ಕುಡಿಯದವನಿಗೆ ಬಾರಿನಲ್ಲಿ ಆಗುವಷ್ಟು ಅವಮಾನ ಕುಡುಕನಿಗೆ ನಡುಬೀದಿಯಲ್ಲೂ ಆಗುವುದಿಲ್ಲ. ಇದು ನನ್ನ ಸ್ವಂತ ಅನುಭವ. ಐವತ್ತೆರಡು ವರ್ಷ ಒಂದು ಹನಿ ಮುಟ್ಟದೆ ಬಾಳಿದವನು ನಾನು. ಅದನ್ನು ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗಿದವನೂ ನಾನೇ. ಕೊಪ್ಪಳದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ಗಾಂಧಿ ಜಯಂತಿಗೆ ಮದ್ಯಪಾನದ ಕೇಡಿನ ಬಗ್ಗೆ ಭಾಷಣ ಮಾಡುವ ಹೊಣೆ ನನ್ನದು. ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಪಿತ್ತಜನಕಾಂಗ ಬರೆದು, ಅದು ಹೇಗೆ ಕುಗ್ಗುತ್ತದೆ ಎಂದು ತೋರಿಸುತ್ತಾ ಬೆರಳಿನಿಂದ ಒರೆಸುತ್ತಾ ಬರುತ್ತೇನೆ. ಕೊನೆಗೆ ಹಲಗೆ ಖಾಲಿ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಇಂಥ ಮನುಷ್ಯ ಕಳೆದ ಭಾದ್ರಪದದಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ನಾಲ್ಕೂರಿನ ಬಾರುಗಳನ್ನು ಹತ್ತಿ ಇಳಿದು, ಎಲ್ಲ ಕಡೆಯೂ ಒಂದೇ ಪ್ರಶ್ನೆ ಕೇಳಿ, ಎಲ್ಲ ಕಡೆಯೂ ನಗಿಸಿ ಬಂದ.

ನಾನು ಕೇಳಿದ್ದು ಸೇಂದಿ. ಈಚಲ ಮರದ ಕುತ್ತಿಗೆಗೆ ಗಾಯ ಮಾಡಿ, ಮಡಕೆ ಕಟ್ಟಿ, ಬೆಳಗಾಗುವುದರೊಳಗೆ ಇಳಿಸುವ ಸೇಂದಿ. ನನ್ನ ಅಪ್ಪ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹಮಾಲಿ ಮಾಡುತ್ತಿದ್ದ. ಆರು ದಿನ ಚೀಲ ಹೊತ್ತು, ಶನಿವಾರ ಮಧ್ಯಾಹ್ನ ಗೆಳೆಯರ ಜೊತೆ ಈಚಲ ಬನಕ್ಕೆ ಹೋಗಿ ಕುಡಿದು ಬರುತ್ತಿದ್ದ. ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ, ಕುಡಿದ ದಿನ ಎಂದಿಗಿಂತ ಹೆಚ್ಚು ಮಾತಾಡುತ್ತಿದ್ದ, ಅಷ್ಟೆ. ಆದರೆ ಮೇಷ್ಟರ ಅಪ್ಪ ಹುಳಿ ವಾಸನೆ ಹೊಡೆಯುತ್ತಾ ಓಣಿಯಲ್ಲಿ ನಗುತ್ತಾ ಬರುವುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು. ಹಮಾಲಿ ಬಿಡಿಸಿ ಕೊಪ್ಪಳದ ನನ್ನ ಮನೆಗೆ ಕರೆತಂದ ದಿನವೇ, ನನ್ನ ಮಗಳ ತಲೆ ಮುಟ್ಟಿಸಿ ಆಣೆ ಮಾಡಿಸಿದೆ. ತಲೆ ಮುಟ್ಟಿ ಆಣೆ ಮಾಡಿಸುವುದು ಮೂಢನಂಬಿಕೆ ಎಂದು ಅದೇ ವಾರ ಒಂಬತ್ತನೆಯ ತರಗತಿಗೆ ಪಾಠ ಮಾಡಿದ್ದೆ ಎಂಬುದು ಬೇರೆ ಮಾತು. ಅಪ್ಪ ಮುಟ್ಟಿದ. ಬಿಟ್ಟ. ಆರು ವರ್ಷ ಬದುಕಿದ. ಆ ಆರು ವರ್ಷದಲ್ಲಿ ಅವನು ಆಡಿದ ಮಾತುಗಳನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಕೆಳಗೆ ಜಾಗ ಉಳಿಸಬಹುದು.

ಕಳೆದ ವರ್ಷ ಅವನು ಹೋದ. ಅವನಿಗೆ ಎಡೆ ಇಡುವ ಮೊದಲ ಮಹಾನವಮಿ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದು ಹಿರಿಯರ ಹಬ್ಬ. ಸತ್ತವರಿಗೆ ಏನು ಇಷ್ಟವೋ ಅದನ್ನೆಲ್ಲ ಎಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಕದ ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ. ಹಬ್ಬಕ್ಕೆ ಒಂದು ತಿಂಗಳಿರುವಾಗ ನಾನು ಅವ್ವನ ಮುಂದೆ ಕುಳಿತು ಪಟ್ಟಿ ಹೇಳಿದೆ: ಕರಿಗಡಬು, ಹೋಳಿಗೆ, ಪುಂಡಿಪಲ್ಯ, ಸಜ್ಜೆ ರೊಟ್ಟಿ, ಎಲೆ ಅಡಿಕೆ. ಅವ್ವ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು.

"ಸೇಂದಿ?" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. "ಬದುಕಿದ್ದಾಗ ಬಿಡಿಸಿದಿ. ಸತ್ತ ಮ್ಯಾಲರ ಕೊಡು. ಅದು ಇಲ್ಲಂದ್ರ ಎಡಿ ಮಾಡೂದ ಬ್ಯಾಡ. ಬರೇ ಹೋಳಿಗಿ ತಿನ್ನಾಕ ಅವ ಈ ಮನಿಗೆ ಬರಂಗಿಲ್ಲ." ನಾನು ಒಂದಷ್ಟು ವಾದ ಮಾಡಿದೆ. ಸತ್ತವರು ಬರುವುದಿಲ್ಲ ಎಂದೆ, "ಹಂಗಾರ ಹೋಳಿಗಿ ಯಾಕ?" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ತರ್ಕ ಕಲಿಸಿದವನು ಅಕ್ಕಿಯ ಮೊರದ ಮುಂದೆ ಬಾಯಿ ಮುಚ್ಚಿ ಎದ್ದೆ. ಎದ್ದ ಮೇಲೆ ಗೊತ್ತಾಯಿತು, ಅವಳಿಗಿಂತ ನನಗೇ ಅದು ಬೇಕಾಗಿತ್ತು. ಅಪ್ಪ ಬರಬೇಕೆಂದು ನನಗೆ ಆಸೆಯಿತ್ತು. ಇಂಥ ಆಸೆಯನ್ನು ಬಾಯಿಬಿಟ್ಟು ಹೇಳಲು ನಮ್ಮಂಥವರಿಗೆ ಬರುವುದಿಲ್ಲ, ಆದ್ದರಿಂದ ಅವ್ವನ ಹಟ ಎಂದು ಹೆಂಡತಿಗೆ ಹೇಳಿ ಹೊರಟೆ.

ಮೊದಲು ಕೊಪ್ಪಳದಲ್ಲೇ ನೋಡಿದೆ. ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್ ಎಂದು ಬರೆದ ಕಟ್ಟಡಗಳ ಮುಂದೆ ನೂರಾರು ಸಲ ಹಾದುಹೋಗಿದ್ದೇನೆ. ಯಾವ ಫ್ಯಾಮಿಲಿಯೂ ಒಳಗೆ ಹೋದದ್ದನ್ನು ಕಂಡಿಲ್ಲ. ಒಳಗೆ ಮಟಮಟ ಮಧ್ಯಾಹ್ನವೂ ನೀಲಿ ದೀಪ. ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಕರಿ ಕೋಟು ತೊಟ್ಟ ಕ್ಯಾಪ್ಟನ್ ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮಂಜುನಾಥ, ನನ್ನ ಹಳೆಯ ವಿದ್ಯಾರ್ಥಿ. "ಸರ್, ನೀವು ಬರ್ತೀರಿ ಅಂತ ಕನಸಿನ್ಯಾಗೂ ಅಂದುಕೊಂಡಿದ್ದಿಲ್ರಿ," ಎಂದು ಮೂಲೆಯ ಮೇಜಿಗೆ ಕೂಡಿಸಿದ. ಹಾಗೆ ಮೂಲೆಗೆ ಕೂಡಿಸಿದ್ದೇ ಅವನ ಗುರುಭಕ್ತಿ. ಹತ್ತು ಬಗೆಯ ವಿಸ್ಕಿ, ರಷ್ಯದ ಹೆಸರಿನ ವೋಡ್ಕಾ, ಹಣ್ಣಿನ ವಾಸನೆಯ ಬೀರು, ಮಕ್ಕಳು ಮಾವಿನ ರಸ ಹೀರುವಂಥ ಡಬ್ಬಿಯಲ್ಲಿ ತುಂಬಿದ ಬ್ರಾಂಡಿ, ಎಲ್ಲ ಹೇಳಿದ. ಸೇಂದಿ ಎಂದೆ. ಅವನ ಮುಖ ಸಣ್ಣದಾಯಿತು. "ಅದನ್ನ ಬಂದ್ ಮಾಡಿ ಕಾಲ ಆತಲ್ರಿ ಸರ್. ನೀವ ಭಾಷಣದಾಗ ಹೇಳಿದ್ರಿ, ಬಂದ್ ಮಾಡಿದ್ದು ಛಲೋ ಆತು ಅಂತ." ವಿದ್ಯಾರ್ಥಿಗಳು ಬೇಕಾದ್ದನ್ನು ಮರೆತು ಇಂಥದ್ದನ್ನು ನೆನಪಿಟ್ಟಿರುತ್ತಾರೆ.

ಕುಷ್ಟಗಿಯಲ್ಲಿ ಒಬ್ಬ ಬಾರಿನ ಹಿಂದಕ್ಕೆ ಕರೆದೊಯ್ದು ಕಿವಿಯಲ್ಲಿ ಹೇಳಿದ, ಸೇಂದಿ ಐತ್ರಿ. ಕೊಡ ತೋರಿಸಿದ. ಬರೀ ನೀರಿತ್ತು. ಜೇಬಿನಿಂದ ಬಿಳಿ ಪುಡಿಯ ಪೊಟ್ಟಣ ತೆಗೆದು, ಇದನ್ನು ಹಾಕಿ ಕಲಸಿದರೆ ಆಯಿತು, ನೊರೆ ಸಹ ಬರುತ್ತದೆ ಎಂದ. ಮರ ಎಲ್ಲಿ ಎಂದು ಕೇಳಿದೆ. "ಮರ ಯಾಕ್ರಿ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟ. ಎಡೆಗೆ ಇಡಬೇಕಪ್ಪ, ಹಿರಿಯರಿಗೆ ಎಂದೆ. ಅವನು ಸಮಾಧಾನ ಹೇಳುವವನಂತೆ ನನ್ನ ಭುಜ ಮುಟ್ಟಿದ. "ಸತ್ತೋರಿಗೆ ಏನ್ ತಿಳೀತೈತ್ರಿ ಸರ. ಅವ್ರು ಹೊಟ್ಟಿನೋವು ಅಂತ ದವಾಖಾನಿಗೆ ಹೋಗ್ತಾರೇನು?"

ಯಲಬುರ್ಗಾದ ಬಾರಿನ ಮಾಲೀಕ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಮೇಲೆ ಊದುಬತ್ತಿ ಹಚ್ಚುತ್ತಿದ್ದ. ನನ್ನ ಪ್ರಶ್ನೆ ಕೇಳಿ ಊದುಬತ್ತಿ ಪಕ್ಕಕ್ಕಿಟ್ಟ. "ನೋಡ್ರಿ, ನಾವು ಮರ್ಯಾದಸ್ಥರು. ಸೇಂದಿ ಗೀಂದಿ ಅಂಥಾ ಹೊಲಸು ಧಂದೆ ಮಾಡಂಗಿಲ್ಲ. ಕುಡಿಯೂದಾದ್ರ ಛಲೋದು ಕುಡೀರಿ, ಇಲ್ಲಂದ್ರ ಮನಿಗೆ ಹೋಗ್ರಿ." ನನ್ನ ಜೀವಮಾನದಲ್ಲಿ ಮದ್ಯಪಾನದ ಬಗ್ಗೆ ನನಗೇ ಉಪದೇಶ ಮಾಡಿದ ಮೊದಲ ಮನುಷ್ಯ ಅವನು. ಅವನ ಗೋಡೆಯ ಪಕ್ಕ ನಾಲ್ಕು ಜನ ಬೆಳಗಿನಿಂದಲೇ ಮರ್ಯಾದೆಯಿಂದ ಒರಗಿಕೊಂಡಿದ್ದರು.

ಕೊನೆಗೆ ಗಂಗಾವತಿ. ಅಪ್ಪ ಚೀಲ ಹೊತ್ತ ಊರು, ಇಲ್ಲದಿದ್ದರೆ ಇನ್ನೆಲ್ಲೂ ಇಲ್ಲ ಎಂದು ಹೋದೆ. ಗಿರಣಿಗಳ ಸಾಲಿನಲ್ಲಿ ಹೊಸ ಬಾರು ಎದ್ದಿತ್ತು. ಬಾಗಿಲಲ್ಲೇ ಕಬ್ಬಿಣದ ಪಟ್ಟಿ ಬಿಗಿದ ದೊಡ್ಡ ಕಟ್ಟಿಗೆಯ ಪೀಪಾಯಿ ನೋಡಿ ನನ್ನ ಎದೆ ಹಗುರಾಯಿತು. ಹಳೆಯ ಪದ್ಧತಿ ಗೊತ್ತಿರುವವರು, ಏನನ್ನೋ ಕೂಡಿಟ್ಟು ಹುಳಿ ಬರಿಸುತ್ತಾರೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಪೀಪಾಯಿಯ ಮೇಲೆ ಕೈ ತೊಳೆಯುವ ಬೇಸಿನ್ ಕೂರಿಸಿದ್ದರು. ಒಳಗೆ ಕೊಳಾಯಿಯಿಂದ ನೇರ ಬಿಡುವ ಬೀರು ಇದೆ, ತಾಜಾ, ಎಂದು ಬಾರಿನವರು ಗಿರಾಕಿ ಹುಡುಗರಿಗೆ ಹೇಳುತ್ತಿದ್ದರು. ಎಲ್ಲಿಂದ ಬರುತ್ತದೆ ಎಂದೆ. ಲಾರಿಯಲ್ಲಿ ಎಂದರು. ಊರ ಸುತ್ತಲಿನ ಹಳ್ಳಗಳ ದಂಡೆಯಲ್ಲಿ ಹುಟ್ಟುವ ಪದಾರ್ಥಕ್ಕೆ ಊರಿನಲ್ಲಿ ಜಾಗವಿಲ್ಲ, ಎಲ್ಲಿಂದಲೋ ಲಾರಿ ಹತ್ತಿ ಬಂದದ್ದು ತಾಜಾ. ನನಗೆ ಕುಡಿಯದೆಯೇ ತಲೆ ತಿರುಗಿತು.

ಅಲ್ಲೇ ಮೂಲೆಯಲ್ಲಿ ಡಬ್ಬಿಯ ಬ್ರಾಂಡಿ ಹೀರುತ್ತಿದ್ದ ಮುದುಕನೊಬ್ಬ ನನ್ನನ್ನೇ ನೋಡುತ್ತಿದ್ದ. ಎದ್ದು ಬಂದು ನನ್ನ ಮುಖಕ್ಕೆ ಮುಖ ಇಟ್ಟು, "ನೀ ಹಮಾಲ ಯಂಕಪ್ಪನ ಮಗ ಅಲ್ಲೇನು? ಮೂಗು ಅವಂದ ಐತಿ," ಎಂದ. ದುರಗಪ್ಪ, ಅಪ್ಪನ ಜೊತೆ ಚೀಲ ಹೊತ್ತವನು. ವಿಷಯ ಹೇಳಿದೆ. ಕೈಯಲ್ಲಿದ್ದ ಡಬ್ಬಿಯನ್ನು ಹಿಸುಕಿದ. "ಬಿಡಿಸಿದಾಂವ ನೀನ ಅಲ್ಲೇನು," ಎಂದ. ಅದರಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಗುರುತು ಹಿಡಿದಂತೆ ಹೇಳಿದ. "ನಾವೂ ಬಿಟ್ವಿ. ಮರ ಕಡದ್ರು, ಮತ್ತೇನು ಮಾಡೂದು. ಈಗ ಈ ಡಬ್ಬಿ ವಿಷ ಕುಡೀತೀವಿ. ಇದು ಬಂದ್ ಇಲ್ಲ ನೋಡು." ಆಮೇಲೆ ದಾರಿ ಹೇಳಿದ. ಊರಾಚೆ ವಲಸೆ ಬಂದ ರೈತರ ಒಂದು ಕ್ಯಾಂಪು, ಅದರ ಹಿಂದೆ ಹಳ್ಳ, ಹಳ್ಳದಲ್ಲಿ ಏಳೆಂಟು ಈಚಲ ಮರ ಉಳಿದಿವೆ, ತಿಮ್ಮಣ್ಣ ಎಂಬಾತ ತನ್ನ ಮಟ್ಟಿಗೆ ಒಂದೆರಡು ಮಡಕೆ ಕಟ್ಟುತ್ತಾನೆ. "ಆದ್ರ ಹಬ್ಬದ ದಿನಾನ ಹೋಗಬೇಕು. ಇಂದಿಂದು ನಾಳಿಗೆ ಇರಂಗಿಲ್ಲ ಅದು."

ಈಗ ನನ್ನ ಸಂಕಟ ನೋಡಿ. ಆ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಂದಿತ್ತು. ಬೆಳಿಗ್ಗೆ ಎಂಟಕ್ಕೆ ಶಾಲೆಯಲ್ಲಿ ಭಾಷಣ. ಪಿತ್ತಜನಕಾಂಗ ಬರೆದೆ, ಒರೆಸಿದೆ. ಆ ದಿನ ನನ್ನ ಧ್ವನಿಯಲ್ಲಿ ಅಂಥ ಕಂಪನವಿತ್ತಂತೆ, ಮುಂದಿನ ಸಾಲಿನಲ್ಲಿದ್ದ ಪಾಲಕರು ಕಣ್ಣು ಒರೆಸಿಕೊಂಡರಂತೆ. ಬಸ್ಸು ತಪ್ಪೀತೆಂಬ ಗಾಬರಿಯಿಂದ ಬಂದ ಕಂಪನ ಅದು. ಒಂಬತ್ತಕ್ಕೆ ಹೊರಟು, ಗಂಗಾವತಿಯಲ್ಲಿ ಇಳಿದು, ಟಂಟಂ ಆಟೋ ಹಿಡಿದು ಹಳ್ಳ ಮುಟ್ಟುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು.

ತಿಮ್ಮಣ್ಣ ಕಡ್ಡಿಯಂಥ ಮುದುಕ. ಗಾಂಧಿ ಟೋಪಿ ಹಾಕಿಕೊಂಡಿದ್ದ. ಜಯಂತಿಗಾಗಿ ಅಲ್ಲ, ದಿನವೂ ಹಾಕುತ್ತಾನಂತೆ. ಮಡಕೆಯಿಂದ ಸೋಸಿ, ನಾನು ತಂದ ಸೋಡಾ ಬಾಟಲಿಗೆ ಸುರಿದ. ಹಾಲು ನೀರಾದಂಥ ಬಣ್ಣ, ಮೇಲೆ ನೊರೆ. ಒಂದು ಬಟ್ಟಲಿನಲ್ಲಿ ನನಗೂ ಕೊಟ್ಟ. ನಾನು ಕುಡಿಯುವುದಿಲ್ಲ ಎಂದೆ. "ಕುಡೀಬ್ಯಾಡ್ರಿ, ನಾಲಿಗಿಗೆ ಹಚ್ಚಿ ನೋಡ್ರಿ. ನಿಮ್ಮಪ್ಪಗ ಸಿಹಿ ಸೇರ್ತಿತ್ತೋ ಹುಳಿ ಸೇರ್ತಿತ್ತೋ?" ಎಂದ. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ವಿರೋಧಿಸಿದ ವಸ್ತು ಸಿಹಿಯೋ ಹುಳಿಯೋ ಎಂದೂ ನಾನು ಕೇಳಿರಲಿಲ್ಲ. ಬಟ್ಟಲನ್ನು ಹಾಗೆಯೇ ಹಿಂದಿರುಗಿಸಿದೆ. ಅವನು ಬಾಟಲಿಯ ಬಾಯಿಗೆ ಈಚಲ ಗರಿಯ ಸುರುಳಿ ತುರುಕಿ, "ಬಿರಡಿ ಹಾಕಬ್ಯಾಡ್ರಿ. ಇದು ಉಸಿರಾಡೋ ವಸ್ತು. ಹಿಂಗ ಕೈಯಾಗ ಹಿಡ್ಕೊಂಡು ಹೋಗ್ರಿ," ಎಂದು ಎರಡು ಸಲ ಹೇಳಿದ. ಹಣ ತೆಗೆದುಕೊಳ್ಳಲಿಲ್ಲ. ಎಡೆಗೆ ಕೊಟ್ಟದ್ದಕ್ಕೆ ತೆಗೆದುಕೊಳ್ಳಬಾರದಂತೆ.

ಬಸ್ಸಿನಲ್ಲಿ ಬಾಟಲಿಯನ್ನು ಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಗರಿಯ ಸಂದಿಯಿಂದ ವಾಸನೆ ಹೊರಟಿತು. ಗುರುತಿನ ವಾಸನೆ. ಪಕ್ಕದಲ್ಲಿದ್ದ ಗಿಣಿಗೇರಾ ಕಾರ್ಖಾನೆಯ ಕೆಲಸಗಾರ ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದವನು ಕಣ್ಣು ತೆರೆಯದೆಯೇ ಮುಗುಳ್ನಕ್ಕ. ಅಷ್ಟಾದರೆ ಚಿಂತೆಯಿರಲಿಲ್ಲ. ಹುಲಿಗಿ ಹತ್ತಿರ ಅಲ್ಲಿನ ದೇವಿಯ ದರ್ಶನ ಮುಗಿಸಿ ಬಂದ ಗುಂಪು ಹತ್ತಿತು. ಅದರಲ್ಲಿ ಗವಿಸಿದ್ದಪ್ಪ, ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ಬೆಳಿಗ್ಗೆ ಭಾಷಣಕ್ಕೆ ಕಣ್ಣು ಒರೆಸಿಕೊಂಡವರಲ್ಲಿ ಒಬ್ಬ. ಹಣೆಗೆ ಭಂಡಾರ, ಕೈಯಲ್ಲಿ ತೆಂಗಿನಕಾಯಿ. ನನ್ನ ಮುಂದೆಯೇ ಕಂಬ ಹಿಡಿದು ನಿಂತು, "ಸರ್, ಮುಂಜಾನಿ ಭಾಳ ಛಲೋ ಹೇಳಿದ್ರಿ. ನಾನೂ ಇವತ್ತಿಂದ ಬಿಡೂಣು ಅಂತ ಅಮ್ಮನ ಮುಂದ ಬೇಡಕೊಂಡು ಬಂದೀನಿ," ಎಂದ. ಹೌದೇನಪ್ಪ, ಒಳ್ಳೆಯದು ಎನ್ನುತ್ತಾ ಚೀಲದೊಳಗೆ ಕೈ ಬಿಟ್ಟು, ಗರಿಯ ಸುರುಳಿ ಕಿತ್ತೊಗೆದು, ಬಾಟಲಿಯ ಬಿರಡೆಯನ್ನು ಇದ್ದಬದ್ದ ಶಕ್ತಿಯಿಂದ ತಿರುಗಿಸಿದೆ. ವಾಸನೆ ನಿಂತಿತು. ಹುದುಗು ಬಂದಾಗ ಅನಿಲ ಹುಟ್ಟುತ್ತದೆ, ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರುತ್ತದೆ ಎಂಬುದು ಎಂಟನೆಯ ತರಗತಿಯ ಪಾಠ. ನಾನೇ ಕಲಿಸುತ್ತೇನೆ.

ಗಿಣಿಗೇರಾ ದಾಟಿ ರಸ್ತೆಯ ಉಬ್ಬಿನ ಮೇಲೆ ಬಸ್ಸು ಎತ್ತಿ ಹಾಕಿದಾಗ ಸದ್ದಾಯಿತು. ಟಯರು ಹೋಯಿತೆಂದು ಡ್ರೈವರು ಬ್ರೇಕು ಹಾಕಿದ. ಚೀಲದ ಬಾಯಿಂದ ಎದ್ದ ನೊರೆ ನನ್ನ ಅಂಗಿ, ಎದೆ, ಗದ್ದ, ಗವಿಸಿದ್ದಪ್ಪನ ಭಂಡಾರದ ಹಣೆ, ಎಲ್ಲವನ್ನೂ ತೋಯಿಸಿತ್ತು. ಗವಿಸಿದ್ದಪ್ಪ ಮುಖ ಒರೆಸಿಕೊಂಡ ಕೈಯನ್ನು ಮೂಗಿಗೆ ಹಿಡಿದ, ಇನ್ನೊಂದು ಸಲ ಹಿಡಿದ. ಆಮೇಲೆ ಬಹಳ ಮೆಲ್ಲಗೆ, ಬಹಳ ಗೌರವದಿಂದ ಕೇಳಿದ: "ಸರ್, ಇದು ಖರೇ ಮರದ್ದು ಐತಲ್ರಿ. ಎಲ್ಲಿ ಸಿಕ್ತು?"

ನಾನು ಕುಡಿದಿಲ್ಲ ಎಂದು ಕಂಡಕ್ಟರಿಗೆ ಹೇಳಿದೆ. "ಕುಡದಾಂವ ಯಾಂವ ಕುಡದೀನಿ ಅಂದಾನ್ರಿ? ಇಳೀರಿ," ಎಂದ. ಕೊಪ್ಪಳ ಇನ್ನೂ ಎರಡು ಮೈಲಿ ಇರುವಾಗ ರಸ್ತೆಗೆ ಬಿದ್ದೆ. ಕಾರ್ಖಾನೆಯ ಕೆಂಪು ದೂಳು ಒದ್ದೆ ಅಂಗಿಗೆ ಮೆತ್ತಿಕೊಳ್ಳುತ್ತಾ ಬಂತು. ನಡೆಯುತ್ತಾ ನೆನಪಾಯಿತು. ಅಪ್ಪ ಹೋಗುವ ಹಿಂದಿನ ವರ್ಷ ಒಂದು ಶನಿವಾರ ಸಂಜೆ ಓಲಾಡುತ್ತಾ ಬಂದಿದ್ದ. ನಾನು ಬಾಗಿಲಲ್ಲೇ ತಡೆದೆ. "ಕುಡದಿಲ್ಲ ತಮ್ಮಾ," ಎಂದ. ಬಾಯಿ ತೆರೆ ಎಂದೆ. ತೆರೆದ. ಎಪ್ಪತ್ತು ದಾಟಿದ ಮನುಷ್ಯ, ಓಣಿಯವರೆಲ್ಲ ನೋಡುತ್ತಿರುವಾಗ, ಮಗನ ಮುಂದೆ ಬಾಯಿ ತೆರೆದು ನಿಂತ. ನಾನು ಮೂಸಿ ನೋಡಿದೆ. ಏನೂ ಇರಲಿಲ್ಲ. ಆದರೂ ನಂಬಲಿಲ್ಲ, ಏಲಕ್ಕಿ ಜಗಿದಿರಬೇಕು ಎಂದೆ. ಮರುದಿನ ಡಾಕ್ಟರು ಸಕ್ಕರೆ ಇಳಿದಿತ್ತು ಎಂದರು. ನಾನು ಗುಳಿಗೆ ತಂದುಕೊಟ್ಟೆ. ಕ್ಷಮೆ ಕೇಳಲಿಲ್ಲ. ಗುಳಿಗೆ ತಂದರೆ ಸಾಕು ಎಂದುಕೊಂಡಿದ್ದೆ.

ಮನೆಯಲ್ಲಿ ಎಡೆ ಸಿದ್ಧವಾಗಿತ್ತು. ಯಾರೂ ಉಂಡಿರಲಿಲ್ಲ. ಹೆಂಡತಿ ನನ್ನನ್ನು ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಖಾಲಿ ಬಾಟಲಿಯನ್ನು ಅವ್ವನ ಮುಂದೆ ಹಿಡಿದು, ಆದದ್ದನ್ನು ಹೇಳಿದೆ. ಬಿರಡೆ ಯಾಕೆ ಹಾಕಿದೆ ಎಂದು ಅವಳು ಕೇಳಲಿಲ್ಲ. ನಾಚಿಕೆ ಎಂದು ಅವಳಿಗೆ ಗೊತ್ತಿತ್ತು. "ಅಂಗಿ ಬಿಚ್ಚು," ಎಂದಳು. ಬಿಚ್ಚಿದೆ. ಎಡೆಯ ಪಕ್ಕದಲ್ಲಿಟ್ಟಿದ್ದ ಹೊಸ ಧೋತರದ ಮೇಲೆ ಆ ಒದ್ದೆ ಅಂಗಿಯನ್ನು ಮಡಿಸಿ ಇಟ್ಟಳು. ವಿಭೂತಿ ಹಚ್ಚಿದಳು, ಹೂವಿಟ್ಟಳು. ಊದುಬತ್ತಿಯ ಹೊಗೆಯನ್ನೂ ಮೀರಿ ಕೋಣೆಯ ತುಂಬ ಆ ಹುಳಿ ವಾಸನೆ ಹರಡಿತು. ಕದ ಎಳೆದುಕೊಂಡು ಎಲ್ಲರೂ ಹೊರಗೆ ಬಂದೆವು.

ನಾನು ಬರೀ ಮೈಯಲ್ಲಿ ಕಟ್ಟೆಯ ಮೇಲೆ ಕುಳಿತೆ. ಓಣಿಯಲ್ಲಿ ಹೋಗಿಬರುವವರು ನೋಡುತ್ತಿದ್ದರು. ಬಸ್ಸಿನ ಸುದ್ದಿ ನನಗಿಂತ ಮೊದಲೇ ಓಣಿ ಮುಟ್ಟಿತ್ತು. "ನಿಮ್ಮಪ್ಪ ಇಲ್ಲೇ ಕುಂದರ್ತಿದ್ದ," ಎಂದಳು ಅವ್ವ. "ಶನಿವಾರ ಆತಂದ್ರ ಹೊತ್ತು ಮುಣಗೂ ತನಕ ಇಲ್ಲೇ. ಒಳಗ ಬಾ ಅಂದ್ರ, ಮಗಂದು ಮನಿ ಐತಿ, ಅವ ಕರೀಲಿ ಅಂತಿದ್ದ." ನಾನು ಕರೆದದ್ದುಂಟೇ ಎಂದು ಯೋಚಿಸಿದೆ. ಊಟಕ್ಕೆ ಕರೆದಿದ್ದೇನೆ. ಮಾತಿಗೆ ಕರೆದ ನೆನಪಿಲ್ಲ. ಮನೆಯೊಳಗೆ ಚಮಚ ಬಿದ್ದಂತೆ ಸಣ್ಣ ಸದ್ದಾಯಿತು. ಇಲಿ ಇರಬೇಕು. ಹೆಂಡತಿ, ಜನ ನೋಡುತ್ತಿದ್ದಾರೆ, ಬಾಗಿಲು ತೆಗೆಯಿರಿ ಎಂದಳು. "ತಡಿ, ಉಣ್ಣಲಿ. ಅವಸರ ಮಾಡಬ್ಯಾಡ," ಎಂದ ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು.

ಕೊನೆಗೆ ಅವ್ವನೇ ಕದ ಬಡಿ ಎಂದಳು. ಹಿರಿಯ ಮಗ ಕದ ಬಡಿದು ಕೇಳಿಯೇ ಒಳಗೆ ಹೋಗಬೇಕು, ಪದ್ಧತಿ. ನನ್ನದೇ ಮನೆಯ ಬಾಗಿಲ ಮುಂದೆ, ನಾನೇ ಸಾಲ ಮಾಡಿ ಹಾಕಿಸಿದ ಬಾಗಿಲು, ಅಂಗಿಯಿಲ್ಲದೆ, ಕುಡುಕನ ಹಾಗೆ ನಾರುತ್ತಾ ನಿಂತು ಮೂರು ಸಲ ಬಡಿದೆ.

"ಅಪ್ಪಾ, ಒಳಗ ಬರ್ಲೇನು?" ಎಂದೆ. ಉತ್ತರ ಬರುವುದಿಲ್ಲ ಎಂದು ವಿಜ್ಞಾನ ಓದಿದವನಿಗೆ ಗೊತ್ತು. ಆದರೂ ಕಾದೆ. ಕಾದು, ಮತ್ತೆ ಕದದ ಹತ್ತಿರ ಬಾಯಿ ತಂದು, ಯಾರಿಗೂ ಕೇಳಿಸದಂತೆ, "ನಾ ಕುಡದಿಲ್ಲ," ಎಂದೆ.

ಬೆನ್ನ ಹಿಂದೆಯೇ ನಿಂತಿದ್ದ ಅವ್ವನಿಗೆ ಕೇಳಿಸಿತು. "ಅವ ನಂಬತಾನ," ಎಂದಳು. "ನಡಿ ಒಳಗ."